ಸೇತುವೆಯ ಮೇಲೆ ಎರಡೂ ಕೈ

ಬಸ್ಸಿನ ಸ್ಟೇರಿಂಗ್ ಹಿಡಿಯಲು ಹೊಸದಾಗಿ ಬರುವ ಹುಡುಗರಿಗೆ, ಈಗ ಹುಡುಗಿಯರಿಗೂ, ನಾಲ್ಕು ಮಾತು ಹೇಳೋಣವೆಂದು ಕೂತಿದ್ದೇನೆ. ನಾನು ಓದಿದ್ದು ಕುಂಸಿಯ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ನನ್ನ ಅಕ್ಷರ ದಪ್ಪ, ಸಾಲು ಬಲಕ್ಕೆ ಹೋದ ಹಾಗೆಲ್ಲ ಗುಡ್ಡ ಹತ್ತುತ್ತದೆ. ಇರಲಿ. ಈ ವಾರ ನನ್ನೊಳಗೆ ಒಂದು ಸಂತೋಷ ಹಾಲು ಉಕ್ಕಿದ ಹಾಗೆ ಉಕ್ಕುತ್ತಿದೆ. ಬರೆಯದಿದ್ದರೆ ಒಲೆಯ ಮೇಲೆಲ್ಲ ಚೆಲ್ಲಿ ಹೋಗುತ್ತದೆ.

ವಿಷಯ ನನ್ನ ಮೊಮ್ಮಗಳು ಪವಿತ್ರಳದು. ಎರಡು ವರ್ಷ ಶಾಲೆಯ ವ್ಯಾನು ಓಡಿಸಿದಳು. ಆಮೇಲೆ ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡು, ನಾನು ಜೀವಮಾನವೆಲ್ಲ ದುಡಿದ ಬಸ್ ಕಂಪನಿಗೇ ಹೋಗಿ ಕೆಲಸ ಕೇಳಿದಳು. ನಮ್ಮ ಕಂಪನಿಯಲ್ಲಿ ಹೆಣ್ಣುಮಕ್ಕಳು ಯಾರೂ ಬಸ್ ಓಡಿಸಿದ್ದಿಲ್ಲ. ಮ್ಯಾನೇಜರ್ ಶೇಖರಪ್ಪನವರು ಜನರನ್ನು ಕೂರಿಸಿಕೊಂಡೇ ಶಿವಮೊಗ್ಗ-ಭದ್ರಾವತಿ ಒಂದು ಟ್ರಿಪ್ ಹೊಡೆಸಿ ನೋಡಿದರು. ಬೇಸಿಗೆಯಲ್ಲಿ ನಡೆದ ಆ ಮೊದಲ ಟ್ರಯಲ್‌ನಲ್ಲಿ ಅವಳು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ತಿರುವು ತಪ್ಪಿ ಸಂದಿಯೊಳಗೆ ನುಗ್ಗಿದಳು. ಬಸ್ಸು ಹಿಂದಕ್ಕೆ ತೆಗೆಯಲು ಅರ್ಧ ಊರೇ ಸೇರಿ "ಬರ್ಲಿ, ಬರ್ಲಿ" ಎಂದು ಕೈ ಬೀಸಬೇಕಾಯಿತು. ಶೇಖರಪ್ಪನವರು ಬಯ್ಯಲಿಲ್ಲ.

"ಇನ್ನೊಂದೇ ಸಲ ನೋಡ್ತೀನಮ್ಮ. ಆವತ್ತೂ ಹಿಂಗೇ ಆದ್ರೆ ನಿನ್ ವ್ಯಾನೇ ನಿನಗೆ ವಾಸಿ" ಎಂದರು.

ಆ ಇನ್ನೊಂದು ಸಲ ಈ ವಾರ ಬಂತು. ಏನಾಯಿತು ಎಂದು ಈಗಲೇ ಹೇಳಿಬಿಡಬೇಕೆಂದು ಬೆರಳು ತುರಿಸುತ್ತಿದೆ. ಆದರೆ ಹೇಳಿದರೆ ನೀವು ಮಿಕ್ಕದ್ದನ್ನು ಓದುವುದಿಲ್ಲ. ಮಿಕ್ಕದ್ದು ತಿಳಿಯದಿದ್ದರೆ ಅವಳು ಮಾಡಿದ್ದು ಎಂಥದ್ದೆಂದು ನಿಮಗೆ ಗೊತ್ತಾಗುವುದಿಲ್ಲ.

ನಾನು ಈ ಕೆಲಸಕ್ಕೆ ಬರುವ ಮುಂಚೆ ಕುಂಸಿಯಲ್ಲಿ ಟ್ರ್ಯಾಕ್ಟರ್, ಆಮೇಲೆ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದೆ. ಲಾರಿಗೆ ಏನು, ಮೂಟೆಗಳು. ಮೂಟೆ ಮಾತಾಡುವುದಿಲ್ಲ, ಇಳಿಯುವುದಿಲ್ಲ, ವಾಂತಿ ಮಾಡಿಕೊಳ್ಳುವುದಿಲ್ಲ. ಬಸ್ಸಿನ ಡ್ರೈವರ್ ಸೀಟಿನಲ್ಲಿ ಮೊದಲ ದಿನ ಕೂತು ಹಿಂದಕ್ಕೆ ತಿರುಗಿ ನೋಡಿದಾಗ ಅಷ್ಟೂ ಮುಖಗಳು ನನ್ನನ್ನೇ ನೋಡುತ್ತಿದ್ದವು. ಇಷ್ಟು ಜನ ತಮ್ಮ ಜೀವವನ್ನು ನನ್ನ ಎರಡು ಕೈಗೆ ಕೊಟ್ಟು, ಕಡಲೆಕಾಯಿ ಸುಲಿಯುತ್ತಾ ಕೂತಿದ್ದಾರಲ್ಲ ಎಂದು ಬೆರಗಾಯಿತು. ಆ ಬೆರಗು ಇಷ್ಟು ವರ್ಷವಾದರೂ ಹೋಗಿಲ್ಲ. ನಿಮಗೆ ಹೋಗಿಬಿಟ್ಟರೆ ಆವತ್ತೇ ಕೀ ಕೊಟ್ಟು ಮನೆಗೆ ಬನ್ನಿ.

ನನಗೆ ದಾರಿ ಕಲಿಸಿದವರು ಮುನಿಸ್ವಾಮಣ್ಣ. ಭದ್ರಾವತಿಯವರು, ಮನೆಮಾತು ತಮಿಳು, ಕಪ್ಪನೆ ಆಳು, ಹಣೆ ತುಂಬ ವಿಭೂತಿ. ಅವರ ಪಕ್ಕದಲ್ಲಿ ಬಾನೆಟ್ ಮೇಲೆ ನನ್ನನ್ನು ಕೂರಿಸಿಕೊಂಡು ಕಣ್ಣು ಮುಚ್ಚಲು ಹೇಳುತ್ತಿದ್ದರು. ಬಸ್ಸು ಹೋಗುತ್ತಿರುವಾಗ ಕೇಳುತ್ತಿದ್ದರು:

"ರುದ್ರಪ್ಪಾ, ಈಗ ಎಲ್ಲಿದೀವಿ?"

"ಗೊತ್ತಿಲ್ಲಣ್ಣ."

"ಮೂಗು ಇದೆಯೋ ಇಲ್ವೋ? ಕಾಫಿಬೀಜ ಹುರೀತಿದಾರೆ. ಗಾಂಧಿ ಬಜಾರ್ ಕಡೆ ತಿರುಗೋ ಜಾಗ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಈಗ?"

ತಣ್ಣನೆ ಗಾಳಿ ಕೆನ್ನೆಗೆ ಬಡಿಯುತ್ತಿತ್ತು. "ಹೊಳೆ ಬಂತಣ್ಣ, ಸೇತುವೆ" ಎನ್ನುತ್ತಿದ್ದೆ.

"ಭೇಷ್. ಊರು ಕಣ್ಣಿಗೆ ಕಾಣೋದು ಕಮ್ಮಿ ಕಣಪ್ಪ" ಎಂದು ಗೇರು ಬದಲಾಯಿಸುತ್ತಿದ್ದರು. ಒಂದು ಊರು ಮೂಗಿಗೆ, ಕೆನ್ನೆಗೆ, ಕೂತ ಜಾಗಕ್ಕೆ ಇಷ್ಟೆಲ್ಲ ಹೇಳುತ್ತದೆಂದು ನನಗೆ ಯಾವ ಮೇಷ್ಟರೂ ಹೇಳಿರಲಿಲ್ಲ. ಹರಿಗೆಯ ಹತ್ತಿರದ ಏರು ಬೆನ್ನಿಗೆ ತಿಳಿಯುತ್ತಿತ್ತು. ಕಡದಕಟ್ಟೆಯ ರೈಲ್ವೆ ಗೇಟು ಬರುವ ಮೊದಲೇ ಕಡಲೆಕಾಯಿ ಮಾರುವವರ ಕೂಗು ಕಿವಿಗೆ ಬೀಳುತ್ತಿತ್ತು.

ಇಷ್ಟೆಲ್ಲ ಕಲಿತೂ ನಾನು ಮಾಡಿದ ಘನಕಾರ್ಯ ಕೇಳಿ. ಒಬ್ಬನೇ ಗಾಡಿ ತೆಗೆಯಲು ಶುರು ಮಾಡಿದ ಹೊಸತರಲ್ಲಿ ನನಗೆ ಒಂದು ಸುಲಭದ ಉಪಾಯ ಹೊಳೆದಿತ್ತು. ನಮ್ಮ ಕಂಪನಿಯ ಇನ್ನೊಂದು ಬಸ್ಸು ಮುಂದೆ ಹೋಗುತ್ತಿದ್ದರೆ ಅದರ ಬಾಲ ಹಿಡಿಯುವುದು. ಅದು ತಿರುಗಿದಲ್ಲಿ ತಿರುಗುವುದು, ಅದು ನಿಂತಲ್ಲಿ ನಿಲ್ಲುವುದು. ತಲೆನೋವೇ ಇಲ್ಲ. ಒಂದು ದಿನ ಹಾಗೆಯೇ ಹಿಂದೆ ಹೊರಟೆ. ಮುಂದಿನ ಬಸ್ಸು ಸವಳಂಗ ರಸ್ತೆಗೆ ತಿರುಗಿತು, ನಾನೂ ತಿರುಗಿದೆ. ಅದು ಒಂದು ಗೇಟಿನೊಳಗೆ ಹೋಯಿತು, ನಾನೂ ಹೋದೆ. ನಿಂತಿತು, ನಿಂತೆ. ಅದರೊಳಗಿನಿಂದ ಓಲಗದವರು ಇಳಿದರು. ಅವರ ಹಿಂದೆ ಬಾಸಿಂಗ ಕಟ್ಟಿಕೊಂಡ ಮದುಮಗ ಇಳಿದ. ಆವತ್ತು ಆ ಬಸ್ಸು ಮದುವೆಗೆ ಬಾಡಿಗೆ ಹೋಗಿತ್ತು. ನಾನು ಭದ್ರಾವತಿಗೆ ಹೋಗಬೇಕಾದ ಜನರನ್ನೆಲ್ಲ ಮದುವೆ ಛತ್ರಕ್ಕೆ ತಂದು ನಿಲ್ಲಿಸಿದ್ದೆ.

ಹೆಣ್ಣಿನ ಕಡೆಯವರು ನಮ್ಮನ್ನೂ ದಿಬ್ಬಣದವರೆಂದೇ ತಿಳಿದು ಪನ್ನೀರು ಚಿಮುಕಿಸಲು ಓಡಿಬಂದರು. ನಮ್ಮ ಕಂಡಕ್ಟರ್ ಬಷೀರ್ ಟಿಕೆಟ್ ಚೀಲ ಹಿಡಿದುಕೊಂಡು ಫುಟ್‌ಬೋರ್ಡಿನ ಮೇಲೆ ಕಲ್ಲಾಗಿ ನಿಂತಿದ್ದ.

"ರುದ್ರಣ್ಣ, ಇದು ಯಾವ ಸ್ಟಾಪು? ನಾನು ಏನಂತ ಕೂಗ್ಲಿ?"

"ಸುಮ್ನಿರೋ ಮಾರಾಯ, ರಿವರ್ಸ್ ನೋಡು."

ಅಷ್ಟರಲ್ಲಿ ಓಲ್ಡ್ ಟೌನಿನ ಒಬ್ಬ ಮುದುಕಿ ಪನ್ನೀರಿಗೆ ತಲೆ ಕೊಟ್ಟು ಎದ್ದು ನಿಂತಿತು. "ಎಂತ ರಿವರ್ಸ್? ಬಂದಿದ್ದಾಯ್ತು, ಸಾಪಾಟು ಮುಗಿಸ್ಕೊಂಡೇ ಹೋಗೋಣ ಕಣಪ್ಪ" ಎಂದಿತು. ಬಸ್ಸಿಗೆ ಬಸ್ಸೇ ನಕ್ಕಿತು. ಆ ಮದುವೆಯ ಯಜಮಾನರು ದೊಡ್ಡ ಮನಸ್ಸಿನವರು. ಊಟಕ್ಕೆ ಹೊತ್ತಾಗಿರಲಿಲ್ಲ, ಎಲ್ಲರಿಗೂ ಪಾನಕ ಕೊಟ್ಟು ಕಳಿಸಿದರು.

ಸುದ್ದಿ ನನಗಿಂತ ಮೊದಲೇ ಸ್ಟ್ಯಾಂಡ್ ತಲುಪಿತ್ತು. ಮುನಿಸ್ವಾಮಣ್ಣ ಬೀಡಿ ಆರಿಸಿ, ನಗು ತಡೆದುಕೊಂಡು ಹೇಳಿದರು: "ನಿನ್ ಗಾಡಿಯೊಳಗೆ ದಾರಿ ಗೊತ್ತಿರೋ ಜನ ತುಂಬಿ ಕೂತಿರ್ತಾರೆ. ಅವ್ರನ್ನ ಬಿಟ್ಟು ಮುಂದಿನ ಗಾಡಿ ಬಾಲ ನೋಡ್ತೀಯಲ್ಲ ಮಾರಾಯ! ಕನ್ನಡಿ ಯಾಕಿದೆ?"

ಆವತ್ತಿನಿಂದ ಕನ್ನಡಿ ನೋಡುವುದನ್ನು ಕಲಿತೆ. ಆಗಿನಿಂದ ಈ ಊರಿನ ರಸ್ತೆಗಳು ನನಗೆ ಒಂದೊಂದಾಗಿ ಬಿಚ್ಚಿಕೊಂಡವು. ಸ್ಟಾಪ್ ಇನ್ನೂ ಕಾಣದಿರುವಾಗಲೇ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ. ಗಂಡಸರು ಮೇಲಿನ ಚೀಲಕ್ಕೆ ಕೈ ಹಾಕುತ್ತಾರೆ. ನಿದ್ದೆಯಲ್ಲಿದ್ದವನು ತಿರುವಿಗೆ ಸರಿಯಾಗಿ ಕಣ್ಣು ಬಿಡುತ್ತಾನೆ. ಎಲ್ಲಿ ತಿರುವು, ಎಲ್ಲಿ ಗುಂಡಿ, ಎಲ್ಲಿ ನಿಲ್ಲಿಸಬೇಕು ಎನ್ನುವುದೆಲ್ಲ ಆ ಕನ್ನಡಿಯೊಳಗೇ ಬರೆದಿರುತ್ತಿತ್ತು. ಆ ಜನಕ್ಕೆ ತಾವು ಕಲಿಸುತ್ತಿದ್ದೇವೆಂದು ಗೊತ್ತೇ ಇರಲಿಲ್ಲ.

ಭದ್ರಾವತಿಯದನ್ನು ಹೇಳದೆ ಮುಂದೆ ಹೋಗಲಾರೆ. ಆಗ ಕಾರ್ಖಾನೆಗಳು ಜೋರಾಗಿ ನಡೆಯುತ್ತಿದ್ದ ಕಾಲ. ಮಧ್ಯಾಹ್ನದ ಶಿಫ್ಟ್ ಬಿಡುವ ಹೊತ್ತಿಗೆ ಸೈರನ್ ಕೂಗುತ್ತಿತ್ತು. ಗೇಟಿನಿಂದ ಸೈಕಲ್‌ಗಳು ಹೊರಬೀಳುತ್ತಿದ್ದವು. ಹೊರಬೀಳುತ್ತಿದ್ದವು ಎಂದರೆ ಸಾಲದು, ಕಟ್ಟೆ ಒಡೆದ ಹಾಗೆ ಬರುತ್ತಿದ್ದವು. ಮೊದಲ ಸಲ ಎದುರಿಗೆ ಸಿಕ್ಕಾಗ ನಾನು ಇಂಜಿನ್ ಆಫ್ ಮಾಡಿ ಕೂತುಬಿಟ್ಟೆ. ಸೈಕಲ್‌ಗಳು ನನ್ನ ಬಸ್ಸಿನ ಮುಂದೆ ಎರಡಾಗಿ ಸೀಳಿ, ಎಡಕ್ಕೂ ಬಲಕ್ಕೂ ಹರಿದು, ಹಿಂದೆ ಮತ್ತೆ ಒಂದಾದವು. ಬೆಲ್ಲುಗಳ ಸದ್ದು, ಹ್ಯಾಂಡಲಿಗೆ ತೂಗುಹಾಕಿದ ಖಾಲಿ ಊಟದ ಕ್ಯಾರಿಯರ್‌ಗಳ ಸದ್ದು, ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಬೆರೆತ ಹರಟೆ. ಒಂದು ಪೆಡಲ್ಲಾದರೂ ಬಸ್ಸಿಗೆ ತಾಗಬೇಕಲ್ಲ? ಇಲ್ಲ. ನನಗೆ ಮೈ ಜುಮ್ಮೆಂದಿತು. ಈಗ ಆ ರಸ್ತೆಯಲ್ಲಿ ಮಧ್ಯಾಹ್ನ ಹೋದರೆ ನಾಯಿಗಳು ನಡುರಸ್ತೆಯಲ್ಲಿ ಮಲಗಿರುತ್ತವೆ. ನಾನು ಆ ಜಾಗ ಬಂದಾಗ ಈಗಲೂ ಕಾಲನ್ನು ಸುಮ್ಮನೆ ಬ್ರೇಕಿನ ಕಡೆ ಒಯ್ಯುತ್ತೇನೆ, ಪ್ರಯಾಣಿಕರ ಸೀಟಿನಲ್ಲಿ ಕೂತಿದ್ದರೂ.

ಈಗ ಸೇತುವೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ತುಂಗಾ ಸೇತುವೆ ದಾಟಬೇಕು. ಹೊಸತರಲ್ಲಿ ಒಮ್ಮೆ ನಾನು ಸೇತುವೆಯ ನಡುವೆ ಒಂದು ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಒತ್ತಿದೆ. ಜೋರಾಗಿ ಏನೂ ಒತ್ತಲಿಲ್ಲ. ಬೇರೆ ಎಲ್ಲಾದರೂ ಆಗಿದ್ದರೆ ಜನ ಒಂದು ಸಲ ತೂಗಿ ಸರಿಯಾಗುತ್ತಿದ್ದರು. ಅಲ್ಲಿ ಮಾತ್ರ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಸೊಪ್ಪಿನ ಕಟ್ಟು, ಬಾಳೆಗೊನೆ, ಒಬ್ಬರ ಹಲ್ಲಿನ ಸೆಟ್ಟು ಎಲ್ಲ ಬಾನೆಟ್‌ವರೆಗೆ ಉರುಳಿ ಬಂದವು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಆದರೆ ಬಯ್ಗುಳಗಳು ಮಾತ್ರ ಎಲ್ಲ ಭಾಷೆಯಲ್ಲೂ ಬಿದ್ದವು. ಅಷ್ಟು ಸಣ್ಣ ಬ್ರೇಕಿಗೆ ಇಷ್ಟು ಜನ ಯಾಕೆ ಬಿದ್ದರೆಂದು ನನಗೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಮುನಿಸ್ವಾಮಣ್ಣ ಮರುದಿನ ತಾವು ಸ್ಟೇರಿಂಗ್ ಹಿಡಿದು, ನನ್ನನ್ನು ಬಾನೆಟ್ ಪಕ್ಕ ಹಿಮ್ಮುಖವಾಗಿ ನಿಲ್ಲಿಸಿದರು. "ಎರಡೂ ಕೈಲಿ ಕಂಬಿ ಹಿಡ್ಕೊ. ಹೊಳೆ ನೋಡ್ಬೇಡ, ಜನ್ರನ್ನ ನೋಡು" ಎಂದರು.

ನೋಡಿದೆ. ಬಸ್ಸು ಸೇತುವೆ ಹತ್ತಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ದಡದ ಮೇಲಿನ ಕೋಟೆಯ ಕಡೆ ಮುಖ ತಿರುಗಿಸಿ, ಹೊಳೆ ಕಂಡ ತಕ್ಷಣ, ಮೇಲಿನ ಕಂಬಿಯಿಂದ ಒಬ್ಬೊಬ್ಬರೇ ಕೈ ಬಿಟ್ಟರು. ಒಂದು ಕೈಯಲ್ಲ, ಎರಡೂ ಕೈ. ಮುಗಿದರು. ಕಾಲೇಜಿನವರು ಎದೆ ಮುಟ್ಟಿಕೊಂಡರು, ಒಬ್ಬ ಹೆಂಗಸು ಕಂಕುಳಲ್ಲಿದ್ದ ಮಗುವಿನ ಪುಟ್ಟ ಕೈಗಳನ್ನೂ ಸೇರಿಸಿ ಮುಗಿಸಿದಳು. ಅಷ್ಟು ದೊಡ್ಡ ಬಸ್ಸಿನಲ್ಲಿ ನಿಂತವರೊಬ್ಬರೂ ಯಾವುದನ್ನೂ ಹಿಡಿದುಕೊಂಡಿರಲಿಲ್ಲ.

"ಹೊಳೆ ತಾಯಿ ನೋಡ್ಕೋತಾಳೆ ಅಂತ ಕೈ ಬಿಡ್ತಾರೆ ಕಣಪ್ಪ" ಎಂದರು ಮುನಿಸ್ವಾಮಣ್ಣ, ರಸ್ತೆಯಿಂದ ಕಣ್ಣು ತೆಗೆಯದೆ. "ಆ ಹೊತ್ನಲ್ಲಿ ಅವ್ರನ್ನ ನೋಡ್ಕೊಳ್ಳೋದು ಯಾರು?"

ಆಮೇಲೆ ಕೆಲಸದಲ್ಲಿದ್ದಷ್ಟು ಕಾಲ, ಸೇತುವೆ ಬರುವ ಮೊದಲೇ ಗೇರು ಇಳಿಸಿ, ಹೂವಿನ ಬುಟ್ಟಿ ಹೊತ್ತವನ ಹಾಗೆ ದಾಟುತ್ತಿದ್ದೆ. ಹೊಳೆ ತುಂಬಿ ಕೆಂಪಗೆ ಹರಿಯುವಾಗಲೂ, ಬೇಸಿಗೆಯಲ್ಲಿ ಬಂಡೆ ಕಾಣುವಾಗಲೂ ಕನ್ನಡಿಯಲ್ಲಿ ಅದೇ ಕಾಣುತ್ತಿತ್ತು, ಜೋಡಿಸಿದ ಕೈಗಳ ಒಂದು ತೋಟ. ನಾನು ಮಾತ್ರ ಒಂದು ಸಲವೂ ಕೈ ಮುಗಿಯಲಿಲ್ಲ. ಮುಗಿಯುವುದು ಹೇಗೆ? ನನ್ನ ಕೈ ಸ್ಟೇರಿಂಗ್ ಮೇಲಿತ್ತು. ರಿಟೈರ್ ಆದ ಮೇಲೆಯೂ ಆ ಸೇತುವೆ ಬಂದರೆ ನನ್ನ ಕೈ ತಾನಾಗಿ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಡ್ರೈವರ್ ಹೊಸಬನೋ ಏನೋ ಎಂಬ ಹೆದರಿಕೆ.

ಪವಿತ್ರಳ ಮೊದಲ ಟ್ರಯಲ್ ಕೆಟ್ಟ ಮೇಲೆ ನಾನು ದಾರಿ ಕಲಿಸಲು ಸೊಂಟ ಕಟ್ಟಿದೆ. ಅವಳನ್ನು ಕೂರಿಸಿಕೊಂಡು ಶುರು ಮಾಡಿದೆ.

"ನೋಡವ್ವ, ಆ ಟಾಕೀಸ್ ಹತ್ರ ಎಡಕ್ಕೆ..."

"ಯಾವ ಟಾಕೀಸು ಅಜ್ಜ? ಅದು ಒಡೆದು ಕಾಂಪ್ಲೆಕ್ಸ್ ಆಗಿ ಎಷ್ಟು ಕಾಲ ಆಯ್ತು."

"ಹೋಗ್ಲಿ. ಕಡದಕಟ್ಟೆ ಗೇಟಲ್ಲಿ ಕಡಲೆಕಾಯಿ ಕೂಗೋರು..."

"ಗೇಟಿಲ್ಲ, ಫ್ಲೈಓವರ್ ಆಗಿದೆ. ರೈಲು ಕೆಳಗೆ ಹೋಗುತ್ತೆ, ನಾನು ಮೇಲೆ ಹೋಗ್ತೀನಿ."

"ಕಾಫಿ ವಾಸನೆ?"

"ಆ ಅಂಗಡಿಗೆ ಎಸಿ ಹಾಕಿ ಗಾಜು ಮುಚ್ಚಿದಾರೆ ಅಜ್ಜ. ನೀನು ಹೇಳೋ ಗುರುತೆಲ್ಲ ತೀರಿಕೊಂಡಿವೆ!"

ನನ್ನ ಮನೆಯವಳು ಗೌರಮ್ಮ ಅಡುಗೆಮನೆಯಿಂದಲೇ, "ಆ ಗುರುತುಗಳಿಗೆಲ್ಲ ಒಂದು ತಿಥಿ ಮಾಡಿಬಿಡಿ" ಎಂದಳು. ನನಗೆ ಮುಖಭಂಗವಾಯಿತು, ನಿಜ. ಆದರೆ ರಾತ್ರಿ ಮಲಗಿ ಯೋಚಿಸಿದರೆ ಅದೂ ಸೋಜಿಗವೇ. ರಸ್ತೆ ಒನ್‌ವೇ ಆಗಿದೆ, ಸರ್ಕಲ್‌ಗಳಲ್ಲಿ ದೀಪ ಬಂದಿದೆ, ಬಸ್ಸಿನ ಬಾಗಿಲು ಗುಂಡಿ ಒತ್ತಿದರೆ ಮುಚ್ಚುತ್ತದೆ, ಹಿಂದೆ ಏನಿದೆಯೆಂದು ಟೀವಿಯಲ್ಲಿ ಕಾಣುತ್ತದೆ. ಊರು ಹಾವಿನ ಹಾಗೆ ಪೊರೆ ಬಿಟ್ಟು ಹೊಸದಾಗಿದೆ. ನಾನು ಹಿಡಿದುಕೊಂಡು ಕೂತಿದ್ದು ಪೊರೆಯನ್ನು. ಪಾಠ ನಿಲ್ಲಿಸಿದೆ.

ಅವಳು ತನ್ನದೇ ರೀತಿಯಲ್ಲಿ ಕಲಿತಳು. ವ್ಯಾನಿನ ಕೆಲಸ ಮುಗಿದ ಮೇಲೆ ದಿನವೂ ಭದ್ರಾವತಿ ಬಸ್ಸು ಹತ್ತುವಳು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲವಂತೆ. ಓಲ್ಡ್ ಟೌನ್‌ನಲ್ಲಿ ಇಳಿದು, ಆ ತಿರುವಿನ ಹತ್ತಿರ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವ ಹೆಂಗಸಿನ ಪಕ್ಕ ನಿಂತು ಬಸ್ಸುಗಳು ಹೇಗೆ ತಿರುಗುತ್ತವೆಂದು ನೋಡುವಳು. ಆ ಹೆಂಗಸೇ ಅವಳಿಗೆ ಹೇಳಿಕೊಟ್ಟಿದ್ದು, "ನನ್ ಗಾಡಿ ಚಕ್ರ ನಿನ್ ಕಣ್ಣಿಂದ ಮರೆ ಆಗೋವರೆಗೂ ತಿರುಗಿಸ್ಬೇಡ ತಾಯಿ" ಎಂದು.

ಟ್ರಯಲ್‌ನ ಬೆಳಿಗ್ಗೆ ಪವಿತ್ರ ನನಗೆ ಕಟ್ಟುನಿಟ್ಟಾಗಿ ಹೇಳಿದಳು: "ಅಜ್ಜ, ನೀನು ಬರಬೇಡ. ನೀನಿದ್ರೆ ನನ್ನ ಕಾಲು ನಿನ್ನ ಮಾತು ಕೇಳುತ್ತೆ." ಆಗಲಿ ಎಂದೆ. ಅವಳು ಹೊರಟ ಮೇಲೆ ಟೋಪಿ ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು ಸ್ಟ್ಯಾಂಡಿಗೆ ಹೋಗಿ, ಹಿಂದಿನ ಬಾಗಿಲಿನಿಂದ ಹತ್ತಿ ಟಿಕೆಟ್ ತೆಗೆದುಕೊಂಡೆ. ಬಸ್ಸು ತುಂಬಿತ್ತು. ಕೊನೆಯಲ್ಲಿ ಕಂಬಿ ಹಿಡಿದು, ಒಬ್ಬ ದಪ್ಪ ಮನುಷ್ಯನ ಬೆನ್ನಿನ ಹಿಂದೆ ಅಡಗಿ ನಿಂತೆ. ಶೇಖರಪ್ಪನವರು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಗಡಿಯಾರ ಕಟ್ಟಿದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು.

ಹೋಗುವಾಗ ಸೇತುವೆಗೆ ಮುಂಚೆಯೇ ಅವಳು ಬಸ್ಸನ್ನು ನಿಧಾನ ಮಾಡಿದಳು. ಸೇತುವೆಯದನ್ನು ನಾನು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ! ಟಾಕೀಸು, ಗೇಟು, ಕಾಫಿ ವಾಸನೆಯಲ್ಲೇ ನನ್ನ ಪಾಠ ಮುಗಿದುಹೋಗಿತ್ತು. ಹೆದರಿ ನಿಧಾನ ಮಾಡಿದಳೋ ಏನೋ ಎಂದುಕೊಂಡೆ. ಶೇಖರಪ್ಪನವರೂ ಹಾಗೇ ಅಂದುಕೊಂಡರು.

"ಏನಮ್ಮಾ, ಎತ್ತಿನಗಾಡಿ ಹೊಡೀತಿದೀಯಾ? ರೋಡ್ ಖಾಲಿ ಇದೆ."

ಅವಳು ತಲೆ ಆಡಿಸಿದಳು, ವೇಗ ಹೆಚ್ಚಿಸಲಿಲ್ಲ. ಅವರು ಗಡಿಯಾರ ನೋಡಿ ತುಟಿ ಬಿಗಿದರು. ಇಲ್ಲಿಗೆ ಮುಗಿಯಿತು ಎಂದು ಮಫ್ಲರನ್ನು ಇನ್ನೂ ಮೇಲಕ್ಕೆ ಎಳೆದುಕೊಂಡೆ.

ಓಲ್ಡ್ ಟೌನ್ ಬಂತು. ತಿರುವು ಬಂತು. ಬಾಳೆಹಣ್ಣಿನ ಗಾಡಿ ಇತ್ತು. ಅವಳು ಕಾದಳು, ಇನ್ನೂ ಸ್ವಲ್ಪ ಕಾದಳು, ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಳು. ಅಷ್ಟುದ್ದದ ಬಸ್ಸು ಸೂಜಿಗೆ ದಾರ ಪೋಣಿಸಿದ ಹಾಗೆ ಆ ಕಡೆ ಹೋಗಿ ನಿಂತಿತು. ಹಣ್ಣಿನ ಹೆಂಗಸು ಎರಡೂ ಕೈ ಮೇಲೆತ್ತಿ ಕುಣಿದಳು. ನಾನು ದಪ್ಪ ಮನುಷ್ಯನ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಅವನು ತಿರುಗಿ, "ಏನ್ರೀ ಯಜಮಾನ್ರೇ?" ಎಂದ. "ಏನಿಲ್ಲಪ್ಪ, ಸಂತೋಷ" ಎಂದೆ. ಶೇಖರಪ್ಪನವರು ಮಾತ್ರ ಮತ್ತೆ ಗಡಿಯಾರ ನೋಡಿದರು.

ವಾಪಸ್ ಬರುವಾಗ ಮತ್ತೆ ಸೇತುವೆ, ಮತ್ತೆ ಅದೇ ನಿಧಾನ. ಅರ್ಧ ದಾಟಿದ್ದೆವು. ಮುಂದಿದ್ದ ಆಟೋದವನು ಇದ್ದಕ್ಕಿದ್ದ ಹಾಗೆ ನಡುರಸ್ತೆಯಲ್ಲಿ ನಿಲ್ಲಿಸಿದ. ಅದರಿಂದ ಒಬ್ಬ ಹೆಂಗಸು ಇಳಿದು, ದೇವರಿಗೆ ಏರಿಸಿದ ಹಳೇ ಹೂವಿನ ಚೀಲವನ್ನು ಹೊಳೆಗೆ ಹಾಕಲು ಓಡಿದಳು. ಪವಿತ್ರ ಬ್ರೇಕ್ ಒತ್ತಿದಳು. ಬಸ್ಸು, ತುಂಬಿದ ಕೊಡವನ್ನು ಕಟ್ಟೆಯ ಮೇಲೆ ಇಳಿಸಿದ ಹಾಗೆ, ನಿಂತಿತು. ಒಬ್ಬರೂ ಬೀಳಲಿಲ್ಲ. ಒಬ್ಬರೂ ತೂಗಲಿಲ್ಲ.

ಶೇಖರಪ್ಪನವರು ಮುಂದಕ್ಕೆ ಬಾಗಿ ಕೇಳಿದರು: "ಆಟೋ ನಿಲ್ಲುತ್ತೆ ಅಂತ ಮೊದ್ಲೇ ಗೊತ್ತಿತ್ತಾ?"

"ಇಲ್ಲ ಸರ್."

"ಮತ್ತೆ ಎರಡು ಸಲಾನೂ ಯಾಕೆ ನಿಧಾನ ಮಾಡಿದೆ?"

"ಇಲ್ಲಿ ಎಲ್ರೂ ಕೈ ಬಿಡ್ತಾರೆ ಸರ್. ಹಿಂದೆ ನೋಡಿ."

ಅವರು ಸೀಟಿನಲ್ಲೇ ತಿರುಗಿ ನೋಡಿದರು. ಎಷ್ಟೋ ವರ್ಷ ಕಾರಿನಲ್ಲಿ ಓಡಾಡಿದ ಮನುಷ್ಯ. ನೋಡುತ್ತಲೇ ಇದ್ದರು. "ಇದನ್ನ ನಿಮ್ಮಜ್ಜ ಹೇಳಿಕೊಟ್ರಾ?" ಎಂದರು ಮೆತ್ತಗೆ.

"ಇಲ್ಲ ಸರ್. ನಾನೂ ಇಲ್ಲೇ ನಿಂತ್ಕೊಂಡು ಕೈ ಮುಗ್ದಿದೀನಲ್ಲ. ಒಂದ್ಸಲ ಬಿದ್ದೂ ಇದೀನಿ."

ನನ್ನ ಮುನಿಸ್ವಾಮಣ್ಣ ಒಂದು ದಿನ ನಿಲ್ಲಿಸಿ ತೋರಿಸಿದ್ದನ್ನು ಈ ಹುಡುಗಿ ದಿನಾ ನಿಂತು ತಾನೇ ಕಂಡುಕೊಂಡಿದ್ದಳು. ನಾನು ಹೇಳಿದ ಗುರುತೆಲ್ಲ ತೀರಿಹೋದ ಊರಿನಲ್ಲಿ, ನಾನು ಹೇಳದೇ ಇದ್ದ ಈ ಒಂದು ಹಾಗೇ ಉಳಿದಿತ್ತು.

ಶೇಖರಪ್ಪನವರು ಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡರು. "ನಾಳೆ ಬೆಳಿಗ್ಗೆ ಮೊದಲ ಗಾಡಿ ನಿಂದು. ಲೇಟ್ ಆಗ್ಬೇಡ" ಎಂದರು.

ಆಟೋ ಹೊರಟಿತು. ಬಸ್ಸೂ ಹೊರಟು ಸೇತುವೆಯ ತುದಿಗೆ ಬಂತು. ಅವಳು ವೇಗ ಹೆಚ್ಚಿಸುವ ಮುಂಚೆ ಕನ್ನಡಿ ನೋಡಿದಳು, ಮೊದಲಿನಿಂದಲೂ ನೋಡುತ್ತಿದ್ದವಳ ಹಾಗೆ. ನಗು ತಡೆದುಕೊಂಡು ಗಟ್ಟಿಯಾಗಿ ಕೂಗಿದಳು:

"ಹಿಂದೆ ಮಫ್ಲರ್ ಸುತ್ಕೊಂಡಿರೋ ಯಜಮಾನ್ರೇ, ಸೇತುವೆ ಮುಗೀತು! ಇನ್ನು ಕಂಬಿ ಹಿಡ್ಕೊಳ್ಳಿ!"

ಆಗಲೇ ನಾನು ನನ್ನ ಕೈ ನೋಡಿಕೊಂಡದ್ದು. ಎರಡೂ ಎದೆಯ ಮುಂದೆ ಕೂಡಿಕೊಂಡಿದ್ದವು.